ಮನೆಯಡುಗೆ ಬದಲಾಗಿಲ್ಲ, ಆದರೂ ಸಕ್ಕರೆ ಏಕೆ ಏರಿತು?

ಪ್ರಶ್ನೆ: ಆರು ವರ್ಷಗಳ ಹಿಂದೆ, ನನಗೆ 34 ವರ್ಷವಾಗಿದ್ದಾಗ, ಕೆಲಸದ ಸಲುವಾಗಿ ಪತ್ನಿ ಮತ್ತು ಪುಟ್ಟ ಮಗಳೊಂದಿಗೆ ಬೇರೆ ದೇಶಕ್ಕೆ ಬಂದು ನೆಲೆಸಿದೆ. ಮನೆಯಲ್ಲಿ ಇಂದಿಗೂ ನಮ್ಮ ಊರಿನ ಅಡುಗೆಯನ್ನೇ ಮಾಡುತ್ತೇವೆ. ಹೊರಗಿನ ಊಟ ವಾರಕ್ಕೊಮ್ಮೆ ಮಾತ್ರ. ಆದರೂ ನನ್ನ ತೂಕ 9 ಕಿಲೋ ಹೆಚ್ಚಾಗಿದೆ, ರಕ್ತದ ಸಕ್ಕರೆಯ ಕಳೆದ ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.1 ಬಂದಿದೆ. ಹಳ್ಳಿಯಲ್ಲೇ ಉಳಿದ, ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣನಿಗೆ ಇಂಥ ತೊಂದರೆ ಏನೂ ಇಲ್ಲ. ಊಟ ಬದಲಾಗದೆ ಆರೋಗ್ಯ ಹೇಗೆ ಬದಲಾಯಿತು? ಇದು ವಂಶದಿಂದ ಬಂದದ್ದೇ? ಮಗಳ ಬಗ್ಗೆಯೂ ಚಿಂತೆಯಾಗಿದೆ. ಹಳೆಯ ಆಹಾರಕ್ಕೆ ಪೂರ್ತಿ ಮರಳಿದರೆ ಎಲ್ಲವೂ ಸರಿಹೋದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಒಪ್ಪಲಾಗದ ಮಾತು ಒಂದೇ, ಊಟ ಬದಲಾಗಿಲ್ಲ ಎಂಬುದು. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಇದರ ಅರ್ಥವಲ್ಲ. ಅಡುಗೆಗಳ ಹೆಸರು ಬದಲಾಗಿಲ್ಲ, ರುಚಿಯೂ ಹೆಚ್ಚುಕಡಿಮೆ ಅದೇ ಇದೆ, ಹಾಗಾಗಿ ಊಟವೂ ಅದೇ ಎಂದು ನಿಮಗೆ ಪ್ರಾಮಾಣಿಕವಾಗಿಯೇ ಅನ್ನಿಸಿದೆ. ವಲಸೆ ಬಂದವರ ಊಟವನ್ನು ವರ್ಷಗಟ್ಟಲೆ ವಿಚಾರಿಸುತ್ತ ಬಂದಿರುವ ನನಗೆ ಇದು ಬಹಳ ಪರಿಚಿತವಾದ ಮಾತು. ಸಾಮಾನ್ಯವಾಗಿ ತಟ್ಟೆಯ ನಡುವೆ ಇರುವ ಮುಖ್ಯ ಧಾನ್ಯ ವಲಸೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಬದಲಾಗುತ್ತದೆ. ಅದರ ಸುತ್ತ ಇದ್ದದ್ದು, ಎಂದರೆ ಎಣ್ಣೆಯ ಪ್ರಮಾಣ, ಸೊಪ್ಪು ಮತ್ತು ಕಾಳಿನ ಪಾಲು, ಧಾನ್ಯದ ಪಾಲಿಶ್, ಕುಡಿಯುವ ಪಾನೀಯ, ಉಣ್ಣುವ ಹೊತ್ತು, ಉಂಡದ್ದನ್ನು ಕರಗಿಸುತ್ತಿದ್ದ ದುಡಿಮೆ, ಇವೆಲ್ಲ ಮೊದಲ ಒಂದೆರಡು ವರ್ಷಗಳಲ್ಲೇ ಸದ್ದಿಲ್ಲದೆ ಬದಲಾಗಿರುತ್ತವೆ. ನಡುವಿನದು ಹಾಗೆಯೇ ಉಳಿದಿರುವುದರಿಂದ ಸುತ್ತಲಿನದು ಹೋದದ್ದು ಗಮನಕ್ಕೆ ಬರುವುದಿಲ್ಲ.

ಎಣ್ಣೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಅಳೆಯುವುದು ಸುಲಭ. ನನ್ನ ಬಳಿ ಬರುವವರಿಗೆ ಕೊಡುವ ಮೊದಲ ಕೆಲಸವೆಂದರೆ, ಹೊಸ ಎಣ್ಣೆಯ ಬಾಟಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆಯುವುದು, ಮುಗಿದ ದಿನ ಇನ್ನೊಂದು ತಾರೀಕು ಬರೆಯುವುದು. ನಿಮ್ಮಂತೆಯೇ ‘ಮನೆಯೂಟ ಬಿಟ್ಟರೆ ಬೇರೇನೂ ಇಲ್ಲ’ ಎನ್ನುತ್ತಿದ್ದ ದಂಪತಿ ಒಮ್ಮೆ ಅಂಥ ಖಾಲಿ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟರು. ಒಂದು ಲೀಟರಿನ ಬಾಟಲಿ. ಎರಡು ತಾರೀಕುಗಳ ನಡುವೆ ಹತ್ತು ದಿನ. ಒಂದು ಲೀಟರ್ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ. ಇಬ್ಬರಿಗೆ, ಹತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 46 ಗ್ರಾಂ, ಅಂದರೆ 400 ಕಿಲೋಕ್ಯಾಲರಿಗೂ ಹೆಚ್ಚು. ಊರಿನ ಮನೆಯಲ್ಲಿ ಒಂದು ಲೀಟರು ಎಷ್ಟು ದಿನ ಬರುತ್ತಿತ್ತು ಎಂದು ಕೇಳಿದೆ. ಆಕೆ ಬೆರಳು ಮಡಚಿ ಲೆಕ್ಕ ಹಾಕಿ, ಐದು ಮಂದಿಗೆ ಹದಿನೈದು ದಿನ ಎಂದರು. ತಲೆಗೆ 12 ಗ್ರಾಂ. ಇಬ್ಬರೂ ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡುತ್ತ ಕುಳಿತರು.

ಆ ಮನೆಯಲ್ಲಿ ಯಾರೂ ಬೇಕೆಂದೇ ಎಣ್ಣೆ ಸುರಿದಿರಲಿಲ್ಲ. ಹೊಸ ದೇಶದಲ್ಲಿ ಅವರ ಸಂಬಳಕ್ಕೆ ಹೋಲಿಸಿದರೆ ಎಣ್ಣೆ ಅಗ್ಗ, ಬಾಟಲಿ ದೊಡ್ಡದು. ವಾರಾಂತ್ಯದಲ್ಲಿ ಮೂರು ದಿನಕ್ಕಾಗುವಷ್ಟು ಅಡುಗೆ ಮಾಡಿ ಫ್ರಿಜ್‌ನಲ್ಲಿ ಇಟ್ಟರೆ ಒಣಗಬಾರದೆಂದು ಎರಡು ಚಮಚ ಹೆಚ್ಚು ಬೀಳುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಊರಿನ ತಾಜಾ ಸಾಮಗ್ರಿ ಸಿಗದಿದ್ದಾಗ ‘ಆ ರುಚಿ ಬರಲಿಲ್ಲ’ ಎಂಬ ಕೊರತೆಯನ್ನು ತುಂಬುವುದಕ್ಕೆ ಕೈ ತಾನಾಗಿಯೇ ಎಣ್ಣೆ, ಉಪ್ಪು, ಸಕ್ಕರೆಗಳ ಕಡೆಗೆ ಹೋಗುತ್ತದೆ. ಊರಿನ ರುಚಿಯನ್ನು ಉಳಿಸಿಕೊಳ್ಳುವ ಪ್ರಯತ್ನವೇ ಊರಿನ ಊಟವನ್ನು ಬದಲಿಸಿಬಿಡುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎಲ್ಲ ಸಮುದಾಯಗಳಲ್ಲೂ ದಿನನಿತ್ಯದ ಅಡುಗೆ ಬೇರೆ, ಹಬ್ಬದ ಅಡುಗೆ ಬೇರೆ. ವಲಸೆ ಹೋದವರು ನೆನಪಿಟ್ಟುಕೊಂಡು ಮಾಡುವುದು, ಮಕ್ಕಳಿಗೆ ‘ಇದು ನಮ್ಮದು’ ಎಂದು ಉಣಿಸುವುದು ಬಹುಪಾಲು ಹಬ್ಬದ ಅಡುಗೆಯನ್ನೇ. ಹಿಂದೆ ವರ್ಷಕ್ಕೆ ಆರೇಳು ಬಾರಿ ಆಗುತ್ತಿದ್ದುದು ಈಗ ವಾರಕ್ಕೆರಡು ಬಾರಿ ಆಗುತ್ತದೆ, ಏಕೆಂದರೆ ಅದಕ್ಕೆ ತಡೆಯಾಗಿದ್ದ ಖರ್ಚು ಈಗ ತಡೆಯಾಗಿ ಉಳಿದಿಲ್ಲ. ಬೇಲಿಯ ಸೊಪ್ಪು, ಒರಟು ಧಾನ್ಯ, ನೆನೆಸಿ ಗಂಟೆಗಟ್ಟಲೆ ಬೇಯಿಸಬೇಕಾದ ಕಾಳು, ಇವುಗಳಿಂದಾದ ಸಾದಾ ಊಟ ಮಾತ್ರ ಊರಿನಲ್ಲೇ ಉಳಿಯುತ್ತದೆ. ಅದು ಹೊಸ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ, ಮಾಡುವುದಕ್ಕೆ ಹೊತ್ತಿಲ್ಲ, ಅದಕ್ಕೆ ಬಡತನದ ನೆನಪೂ ಅಂಟಿಕೊಂಡಿರುತ್ತದೆ. ಆಹಾರದ ನಾರಿನಂಶ, ಪೊಟ್ಯಾಸಿಯಂ ಮತ್ತು ಹಲವು ಜೀವಸತ್ವಗಳು ಬರುತ್ತಿದ್ದುದು ಅದರಿಂದಲೇ. ಬೆಳಗಿನ ತಿಂಡಿಯಂತೂ ಎಲ್ಲಕ್ಕಿಂತ ಮೊದಲೇ ಕೈಬಿಟ್ಟುಹೋಗುತ್ತದೆ; ಕೆಲಸಕ್ಕೆ ಓಡುವ ಅವಸರದಲ್ಲಿ ಸಿದ್ಧ ತಿಂಡಿ ಮತ್ತು ಸಿಹಿ ಪಾನೀಯ ಆ ಜಾಗಕ್ಕೆ ಬರುತ್ತವೆ. ಮಧ್ಯಾಹ್ನ ಕೆಲಸದ ಜಾಗದಲ್ಲಿ ಏನೋ ಒಂದು ಆಗುತ್ತದೆ. ಮನೆಯೂಟ ಎನ್ನಿಸಿಕೊಳ್ಳುವುದು ರಾತ್ರಿಯ ಒಂದು ಹೊತ್ತು ಮಾತ್ರ, ಅದೂ ಒಂಬತ್ತರ ನಂತರ, ಹೊಟ್ಟೆ ತುಂಬ. ಒಂದೇ ಪ್ರಮಾಣದ ಪಿಷ್ಟವನ್ನು ಬೆಳಿಗ್ಗೆ ತಿಂದಾಗ ಏರುವುದಕ್ಕಿಂತ ಹೆಚ್ಚಾಗಿ ರಕ್ತದ ಸಕ್ಕರೆ ರಾತ್ರಿ ತಿಂದಾಗ ಏರುತ್ತದೆ, ಏಕೆಂದರೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಶಕ್ತಿ ದಿನ ಕಳೆದಂತೆ ತಗ್ಗುತ್ತದೆ.

ನಿಮ್ಮ 9 ಕಿಲೋವನ್ನು ಲೆಕ್ಕದಲ್ಲಿಟ್ಟು ನೋಡಿ. ಆರು ವರ್ಷಕ್ಕೆ 9 ಎಂದರೆ ವರ್ಷಕ್ಕೆ ಒಂದೂವರೆ ಕಿಲೋ. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7,700 ಕಿಲೋಕ್ಯಾಲರಿ ಎಂದು ಹಿಡಿದರೆ ದಿನಕ್ಕೆ ಮಿಗುವುದು 32 ಕಿಲೋಕ್ಯಾಲರಿ, ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಇರುವುದಕ್ಕಿಂತ ಕಡಿಮೆ. ತೂಕ ಏರಿದ ದೇಹ ಹೆಚ್ಚು ಶಕ್ತಿಯನ್ನು ಖರ್ಚು ಮಾಡುವುದರಿಂದ ನಿಜವಾದ ಹೆಚ್ಚಳ ಇದಕ್ಕಿಂತ ಸಾಕಷ್ಟು ದೊಡ್ಡದೇ ಇರಬೇಕು. ಆದರೂ ಮಿಕ್ಕದ್ದು ಬೇರೆ ಬೇರೆ ಹೊತ್ತಿಗೆ ಚೂರುಚೂರಾಗಿ ಹಂಚಿಹೋಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ನಡಿಗೆ ಮತ್ತು ಮೈಮುರಿಯುವ ಕೆಲಸ ಹೋಗಿ ಕುಳಿತು ಮಾಡುವ ಕೆಲಸ ಬಂದಿದ್ದರೆ, ತಟ್ಟೆಯಲ್ಲಿ ಏನೂ ಬದಲಾಗದಿದ್ದರೂ ಅದೇ ತಟ್ಟೆ ಈಗ ಅಗತ್ಯಕ್ಕಿಂತ ದೊಡ್ಡದಾಗಿರುತ್ತದೆ.

ಅಣ್ಣನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ತಾನಾಗಿಯೇ ನಡೆದಿರುವ ಈ ಹೋಲಿಕೆಯನ್ನೇ ಸಂಶೋಧಕರು ಭಾರತದ ನಾಲ್ಕು ನಗರಗಳ ಕಾರ್ಖಾನೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. ಹಳ್ಳಿಯಿಂದ ನಗರಕ್ಕೆ ಬಂದ ಕಾರ್ಮಿಕರನ್ನೂ ಅವರ ಸಂಗಾತಿಗಳನ್ನೂ ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರೊಂದಿಗೆ ಹೋಲಿಸಿದ ಆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಹಳ್ಳಿಯವರ ಪೈಕಿ ಶೇ. 6.2ರಷ್ಟು ಮಂದಿಗೆ ಮಧುಮೇಹವಿದ್ದರೆ, ವಲಸೆ ಬಂದವರಲ್ಲಿ ಅದು ಶೇ. 14.3 ಇತ್ತು, ನಗರದಲ್ಲೇ ಹುಟ್ಟಿ ಬೆಳೆದವರಲ್ಲಿ ಶೇ. 13.5. ಬೊಜ್ಜಿನ ಪ್ರಮಾಣ ಹಳ್ಳಿಯವರಲ್ಲಿ ಶೇ. 19, ವಲಸಿಗರಲ್ಲಿ ಶೇ. 37.8. ಒಡಹುಟ್ಟಿದವರ ನಡುವೆ ವಂಶವಾಹಿಗಳು ಬಹಳಷ್ಟು ಸಮಾನ, ಬಾಲ್ಯದ ಊಟವೂ ಸಮಾನ. ಬೇರೆಯಾದದ್ದು ವಯಸ್ಕರಾದ ಮೇಲಿನ ಊರು. ಹೀಗಿರುವಾಗ ಇಡೀ ಹೊಣೆಯನ್ನು ವಂಶದ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ನಿಮ್ಮ ಅಣ್ಣ ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ, ಅಥವಾ ತೊಂದರೆ ಕಾಣಿಸಿಲ್ಲವೆಂದು ಇಲ್ಲ ಎನ್ನುತ್ತಿದ್ದೀರೇ ಎಂಬುದನ್ನು ಕೇಳಿಕೊಳ್ಳಿ. ಈ ಹಂತದ ಸಕ್ಕರೆಗೆ ಲಕ್ಷಣಗಳೇ ಇರುವುದಿಲ್ಲ.

ದೇಶ ದಾಟಿದವರ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1965ರಲ್ಲಿ ಆರಂಭವಾದ ಜಪಾನೀಯರ ಅಧ್ಯಯನ. ಹಿರೋಶಿಮಾ ಮತ್ತು ನಾಗಾಸಾಕಿಯಲ್ಲೇ ಉಳಿದವರು, ಹವಾಯಿಯ ಹೊನೊಲುಲುವಿನಲ್ಲಿ ನೆಲೆಸಿದವರು, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನೆಲೆಸಿದವರು, ಹೀಗೆ ಮೂರು ಕಡೆಯ ಜಪಾನಿ ಮೂಲದ ಗಂಡಸರನ್ನು ಹೋಲಿಸಲಾಯಿತು. ಆಹಾರದ ಶಕ್ತಿಯಲ್ಲಿ ಕೊಬ್ಬಿನ ಪಾಲು ಜಪಾನಿನಲ್ಲಿ ಸುಮಾರು ಶೇ. 15, ಹವಾಯಿಯಲ್ಲಿ ಶೇ. 33, ಕ್ಯಾಲಿಫೋರ್ನಿಯಾದಲ್ಲಿ ಶೇ. 38 ಇತ್ತು, ಹೃದಯದ ರಕ್ತನಾಳಗಳ ಕಾಯಿಲೆಯೂ ಅದೇ ಕ್ರಮದಲ್ಲಿ ಏರಿತು. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುವವರು ಬಹಳ ಮಂದಿ. ಆದರೆ ಇದೇ ಅಧ್ಯಯನದಲ್ಲಿ ಪಾರ್ಶ್ವವಾಯು ಅತಿ ಹೆಚ್ಚು ಕಂಡದ್ದು ಜಪಾನಿನಲ್ಲಿ ಉಳಿದವರಲ್ಲಿ. 1968ರಲ್ಲಿ ಪ್ರಕಟವಾದ, ಅಮೆರಿಕಕ್ಕೆ ಹೋದ ಜಪಾನೀಯರ ಕ್ಯಾನ್ಸರ್ ಅಧ್ಯಯನವೂ ಇಂಥದೇ ಎರಡು ಮುಖವನ್ನು ತೋರಿಸಿತು: ಜಠರದ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ನಿಧಾನವಾಗಿ ಇಳಿಯಿತು, ದೊಡ್ಡ ಕರುಳಿನ ಕ್ಯಾನ್ಸರ್ ವಲಸೆ ಹೋದ ಮೊದಲ ತಲೆಮಾರಿನಲ್ಲೇ ಏರತೊಡಗಿತು. ಉಪ್ಪಿನಲ್ಲಿ ಕಾಪಿಟ್ಟ ಆಹಾರ ಕಡಿಮೆಯಾಗಿ ತಾಜಾ ಆಹಾರ ಹೆಚ್ಚಿದ್ದು ಒಂದು ಕಡೆ ಉಪಕಾರ ಮಾಡಿದರೆ, ಬದಲಾದ ಊಟದ ಉಳಿದ ಭಾಗ ಇನ್ನೊಂದು ಕಡೆ ಅಪಕಾರ ಮಾಡಿತು. ಹೀಗಾಗಿ ‘ವಲಸೆ ಆರೋಗ್ಯಕ್ಕೆ ಕೆಟ್ಟದ್ದು’ ಎಂಬ ತೀರ್ಪಿಗೆ ನಾನು ಸಹಿ ಹಾಕುವುದಿಲ್ಲ. ಹೋಗುವವರು ಒಂದು ಊರಿನ ಕಾಯಿಲೆಗಳ ಪಟ್ಟಿಯನ್ನು ಕೊಟ್ಟು ಇನ್ನೊಂದು ಊರಿನ ಪಟ್ಟಿಯನ್ನು ಪಡೆಯುತ್ತಾರೆ, ಅದೂ ಒಂದೊಂದು ಸಾಲು ಒಂದೊಂದು ವೇಗದಲ್ಲಿ.

ಆ ವೇಗದ ವ್ಯತ್ಯಾಸ ಕುತೂಹಲಕರವಾದದ್ದು. ಕೀನ್ಯಾದ ಹಳ್ಳಿಗಳಿಂದ ನೈರೋಬಿಗೆ ಹೋದ ಲುವೊ ಜನರನ್ನು ಗಮನಿಸಿದ ಅಧ್ಯಯನದಲ್ಲಿ, ಹೋದ ಮೊದಲ ತಿಂಗಳುಗಳಲ್ಲೇ ಅವರ ರಕ್ತದೊತ್ತಡ ಹಳ್ಳಿಯಲ್ಲಿ ಉಳಿದವರಿಗಿಂತ ಮೇಲಿತ್ತು. ಮೂತ್ರದಲ್ಲಿ ಪೊಟ್ಯಾಸಿಯಂಗೆ ಹೋಲಿಸಿದರೆ ಸೋಡಿಯಂ ಪ್ರಮಾಣವೂ ಹೆಚ್ಚಾಗಿತ್ತು. ಅಂದರೆ ಉಪ್ಪು ಏರಿತು, ಸೊಪ್ಪು-ಹಣ್ಣು ಇಳಿಯಿತು, ಒತ್ತಡ ತಡಮಾಡದೆ ಉತ್ತರ ಕೊಟ್ಟಿತು. ತೂಕ ಮತ್ತು ಸಕ್ಕರೆಗೆ ವರ್ಷಗಳು ಬೇಕು, ಕ್ಯಾನ್ಸರಿಗೆ ದಶಕಗಳು. ಕರುಳಿನ ಸೂಕ್ಷ್ಮಜೀವಿಗಳು ಮಾತ್ರ ವಿಮಾನ ಇಳಿದಲ್ಲಿಂದಲೇ ಬದಲಾಗಲು ಶುರುಮಾಡುತ್ತವೆ ಎನ್ನಬಹುದು. ಆಗ್ನೇಯ ಏಷ್ಯಾದಿಂದ ಅಮೆರಿಕದ ಮಿನ್ನೆಸೋಟಕ್ಕೆ ಬಂದ ಮೊಂಗ್ ಮತ್ತು ಕರೆನ್ ಜನರ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಂದ ವರ್ಷ ತುಂಬುವುದರೊಳಗೇ ಹಳೆಯ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸವು ಬರತೊಡಗಿದ್ದವು. ಸಸ್ಯದ ನಾರನ್ನು ಒಡೆಯುವ ಸಾಮರ್ಥ್ಯವೂ ಜೀವಿಗಳ ವೈವಿಧ್ಯವೂ ತಗ್ಗಿದ್ದವು. ಹೊಸ ದೇಶದಲ್ಲಿ ಹುಟ್ಟಿದ ಮಕ್ಕಳಲ್ಲಿ ಈ ನಷ್ಟ ಇನ್ನೂ ಹೆಚ್ಚಿತ್ತು. ಬೊಜ್ಜಿಗೆ ಇದೇ ಕಾರಣ ಎಂದು ಹೇಳಿಬಿಡುವುದು ಆತುರವಾದೀತು.

ವಂಶದ ಪಾತ್ರ ಇಲ್ಲವೇ ಇಲ್ಲ ಎಂದಲ್ಲ. ಒಂದೇ ತೂಕದಲ್ಲಿ ಕೆಲವರಿಗೆ ಮಧುಮೇಹ ಬೇಗ ಬರುತ್ತದೆ. ಏಷ್ಯಾ ಮೂಲದವರ ವಿಷಯದಲ್ಲಿ ದೇಹತೂಕ ಸೂಚ್ಯಂಕ (ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ) 23 ಮುಟ್ಟಿದಾಗಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದ್ದು ಇದಕ್ಕಾಗಿಯೇ. ಸಾಮಾನ್ಯ ಅಳತೆ 25. ಕೊಬ್ಬು ಚರ್ಮದಡಿ ಸೇರುವ ಬದಲು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಸೇರಿದರೆ ಹೊರಗೆ ತೆಳ್ಳಗೆ ಕಾಣುವವರಲ್ಲೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ಇನ್ನೊಂದು ಬಗೆಯ ವಿವರಣೆಯೂ ಉಂಟು. ಹೇಲ್ಸ್ ಮತ್ತು ಬಾರ್ಕರ್ ಎಂಬ ವಿಜ್ಞಾನಿಗಳು 1992ರಲ್ಲಿ ಮುಂದಿಟ್ಟ ವಾದದಂತೆ, ಗರ್ಭದಲ್ಲಿ ಪೋಷಣೆ ಕಡಿಮೆಯಾದ ಮಗುವಿನ ದೇಹ ಕೊರತೆಯ ಬದುಕಿಗೆ ತಕ್ಕಂತೆ ಮಿತವ್ಯಯವನ್ನು ರೂಢಿಸಿಕೊಳ್ಳುತ್ತದೆ. ಮುಂದೆ ಅದೇ ದೇಹಕ್ಕೆ ಸಮೃದ್ಧಿ ಎದುರಾದರೆ ಆ ಮಿತವ್ಯಯವೇ ಕಾಯಿಲೆಗೆ ದಾರಿಯಾಗುತ್ತದೆ. ಬಡ ಊರಿನಲ್ಲಿ ಹುಟ್ಟಿ ಶ್ರೀಮಂತ ಊರಿನಲ್ಲಿ ಬಾಳುವವರಿಗೆ ಈ ವಾದ ನೇರವಾಗಿ ತಟ್ಟುತ್ತದೆ. ನಿಮ್ಮ ಜನನತೂಕ ತಾಯಿಗೆ ನೆನಪಿದ್ದರೆ ವೈದ್ಯರಿಗೆ ತಿಳಿಸಿ.

ಮಗಳ ಬಗ್ಗೆ ಹೇಳಬೇಕಾದದ್ದು ಸ್ವಲ್ಪ ಬೇರೆ. ವಲಸೆಯಿಂದ ಮಕ್ಕಳಿಗೆ ಆಗುವ ಲಾಭ ದೊಡ್ಡದು: ಶುದ್ಧ ನೀರು, ಲಸಿಕೆ, ಸಾಕಷ್ಟು ಪ್ರೋಟೀನು. ಗ್ವಾಟೆಮಾಲದಿಂದ ಅಮೆರಿಕಕ್ಕೆ ಹೋದ ಮಾಯಾ ಕುಟುಂಬಗಳ ಮಕ್ಕಳು ಊರಿನಲ್ಲಿದ್ದ ತಮ್ಮ ವಯಸ್ಸಿನವರಿಗಿಂತ ಸರಾಸರಿ 11 ಸೆಂಟಿಮೀಟರ್‌ನಷ್ಟು ಎತ್ತರ ಬೆಳೆದದ್ದನ್ನು ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ. ಅದೇ ಮಕ್ಕಳಲ್ಲಿ ಅತಿತೂಕವೂ ವ್ಯಾಪಕವಾಗಿತ್ತು. ಎರಡೂ ಒಟ್ಟಿಗೇ ಬಂದವು. ಇನ್ನು ಶಾಲೆಯಲ್ಲಿ ಡಬ್ಬಿ ತೆರೆದಾಗ ಪಕ್ಕದವರು ಮೂಗು ಮುರಿದರೆ ಮಗು ಮರುದಿನ ಆ ಡಬ್ಬಿಯನ್ನು ಒಯ್ಯುವುದಿಲ್ಲ. ಇದು ತಂದೆತಾಯಿಗೆ ಹಟದಂತೆ ಕಾಣುತ್ತದೆ, ಮಗುವಿಗೆ ಅದು ಸೇರಿಕೊಳ್ಳುವ ಪ್ರಶ್ನೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ‘ನೀವು ನಿಜವಾಗಿ ಅಮೆರಿಕದವರೇ’ ಎಂಬ ಸಂಶಯದ ಮಾತಿಗೆ ಗುರಿಯಾದ ಏಷ್ಯಾ ಮೂಲದ ಅಮೆರಿಕನ್ನರು, ಅಂಥ ಮಾತು ಕೇಳದವರಿಗಿಂತ ಹೆಚ್ಚಾಗಿ ಅಮೆರಿಕದ ಆಹಾರವನ್ನೇ ಆರಿಸಿಕೊಂಡರು, ಸರಾಸರಿ 182 ಕ್ಯಾಲರಿಯಷ್ಟು ಹೆಚ್ಚು ತಿಂದರು. ಅವರು ವಯಸ್ಕರು. ಎಂಟು ವರ್ಷದ ಹುಡುಗಿಗೆ ಅಡುಗೆಯ ಪರಂಪರೆಯ ಮೇಲೆ ಉಪದೇಶ ಮಾಡಿ ಫಲವಿಲ್ಲ. ಶಾಲೆಯ ಒಂದು ಹೊತ್ತನ್ನು ಅವಳ ಇಷ್ಟಕ್ಕೆ ಬಿಟ್ಟು, ಪಾನೀಯ ಮಾತ್ರ ನೀರು ಎಂಬ ಒಂದೇ ನಿಯಮ ಇಟ್ಟುಕೊಂಡು, ರಾತ್ರಿಯ ಊಟವನ್ನು ಎಲ್ಲರೂ ಒಟ್ಟಿಗೆ ಬೇಗ ಮುಗಿಸುವುದು ನಾನು ಕಂಡಂತೆ ಹೆಚ್ಚು ಉಪಯುಕ್ತ. ಅವಳ ಎತ್ತರ ಮತ್ತು ತೂಕವನ್ನು ಆರು ತಿಂಗಳಿಗೊಮ್ಮೆ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ. ತೂಕದ ಗೆರೆ ಎತ್ತರದ ಗೆರೆಯನ್ನು ಬಿಟ್ಟು ಮೇಲೇರುತ್ತಿದ್ದರೆ ಮಾತ್ರ ಮಕ್ಕಳ ವೈದ್ಯರನ್ನು ವಿಚಾರಿಸಿ.

ಹಳೆಯ ಆಹಾರಕ್ಕೆ ಪೂರ್ತಿ ಮರಳುವ ಪ್ರಶ್ನೆಗೆ ಆಸ್ಟ್ರೇಲಿಯದ ಒಂದು ಪ್ರಯೋಗ ನೆನಪಾಗುತ್ತದೆ. ಪಟ್ಟಣದ ಜೀವನಕ್ಕೆ ಬಂದು ಮಧುಮೇಹ ಹತ್ತಿಸಿಕೊಂಡಿದ್ದ ಹತ್ತು ಮಂದಿ ಮೂಲನಿವಾಸಿಗಳು ಏಳು ವಾರ ತಮ್ಮ ಪೂರ್ವಿಕರ ನೆಲಕ್ಕೆ ಹಿಂದಿರುಗಿ, ಬೇಟೆಯಾಡಿ, ಗೆಡ್ಡೆ-ಗೆಣಸು ಅಗೆದು ಬದುಕಿದರು. ಕೆರಿನ್ ಓಡಿಯಾ 1984ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವರ ತೂಕ ಸರಾಸರಿ 8 ಕಿಲೋ ಇಳಿಯಿತು, ರಕ್ತದ ಸಕ್ಕರೆ ಗಣನೀಯವಾಗಿ ಸುಧಾರಿಸಿತು. ಆದರೆ ಅಲ್ಲಿ ಹಿಂದಿರುಗಿದ್ದು ಆಹಾರವೊಂದೇ ಅಲ್ಲ. ಅದನ್ನು ಸಂಪಾದಿಸುವ ನಡಿಗೆ, ದುಡಿಮೆ, ಮಿತಿ ಎಲ್ಲವೂ ಹಿಂದಿರುಗಿದವು. ನೀವು ಕುಳಿತು ಕೆಲಸ ಮಾಡುತ್ತ ಹೊಲದಲ್ಲಿ ದುಡಿಯುವವರ ಊಟವನ್ನು ಅಷ್ಟೇ ಪ್ರಮಾಣದಲ್ಲಿ ಉಂಡರೆ ಪ್ರಯೋಜನವಾಗದು. ಮರಳಿ ತರಬೇಕಾದದ್ದು ದಿನನಿತ್ಯದ ಸಾದಾ ಊಟದ ಅನುಪಾತ: ತಟ್ಟೆಯ ಅರ್ಧ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಕಾಳು ಅಥವಾ ಬೇರೆ ಪ್ರೋಟೀನು, ಉಳಿದ ಕಾಲು ಭಾಗ ಧಾನ್ಯ, ಅದೂ ಆದಷ್ಟು ಪಾಲಿಶ್ ಆಗದ್ದು. ಸೊಪ್ಪು ನಿಮ್ಮ ಊರಿನದೇ ಆಗಬೇಕೆಂದಿಲ್ಲ. ಈಗ ಇರುವ ಊರಿನಲ್ಲಿ ಆಯಾ ಕಾಲಕ್ಕೆ ಅಗ್ಗವಾಗಿ ಸಿಗುವುದನ್ನೇ ನಿಮ್ಮ ಒಗ್ಗರಣೆಯಲ್ಲಿ ಮಾಡಿದರೆ ಆದೀತು. ಹೊಸ ಊರಿನ ಒಳ್ಳೆಯದನ್ನು ಕಲಿಯುವುದರಲ್ಲಿ ವಲಸಿಗರು ಬೇಕಾಗಿರುವುದಕ್ಕಿಂತ ಹೆಚ್ಚು ಸಂಕೋಚಪಡುತ್ತಾರೆ ಎಂಬುದು ನನ್ನ ಅನುಭವ.

6.1 ಎಂಬುದು ಮಧುಮೇಹವಲ್ಲ. 5.7ರಿಂದ 6.4ರವರೆಗೆ ಪೂರ್ವಸ್ಥಿತಿ, 6.5 ಮತ್ತು ಮೇಲಕ್ಕೆ ಮಧುಮೇಹ ಎಂಬುದು ಬಹಳಷ್ಟು ಕಡೆ ಬಳಸುವ ಅಳತೆ. ಈ ಹಂತದಲ್ಲಿರುವ ಸಾವಿರಾರು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೇಹತೂಕದ ಶೇ. 7ರಷ್ಟನ್ನು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ನೀವು ಈಗ 80 ಕಿಲೋ ಇದ್ದರೆ ಶೇ. 7 ಎಂದರೆ ಐದೂವರೆ ಕಿಲೋ. ಏರಿದ ಒಂಬತ್ತೂ ಇಳಿಯಬೇಕೆಂದಿಲ್ಲ.

ನೀವು ಭೂಮಧ್ಯರೇಖೆಯಿಂದ ಎಷ್ಟು ದೂರದಲ್ಲಿದ್ದೀರಿ ಎಂದು ಬರೆದಿಲ್ಲ. ಚಳಿಗಾಲ ದೀರ್ಘವಾಗಿರುವ ದೇಶವಾದರೆ ಮೂವರೂ ಡಿ ಜೀವಸತ್ವದ ವಿಷಯವನ್ನು ವೈದ್ಯರ ಬಳಿ ಪ್ರಸ್ತಾಪಿಸಿ. ಕಪ್ಪು ಬಣ್ಣದ ಚರ್ಮಕ್ಕೆ ಅದನ್ನು ತಯಾರಿಸಲು ಹೆಚ್ಚು ಬಿಸಿಲು ಬೇಕು; 1960 ಮತ್ತು 70ರ ದಶಕಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನೆಲೆಸಿದ್ದ ದಕ್ಷಿಣ ಏಷ್ಯಾದ ಕುಟುಂಬಗಳ ಮಕ್ಕಳಲ್ಲಿ ಮೂಳೆ ಮೆತ್ತಗಾಗುವ ರಿಕೆಟ್ಸ್ ಎಷ್ಟು ಕಾಣಿಸಿಕೊಂಡಿತೆಂದರೆ, ಅಲ್ಲಿ ಮಕ್ಕಳಿಗೆ ಡಿ ಜೀವಸತ್ವದ ಹನಿಗಳನ್ನು ಹಂಚುವ ಅಭಿಯಾನವನ್ನೇ ನಡೆಸಬೇಕಾಯಿತು.

ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಸೊಂಟದ ಸುತ್ತಳತೆಯನ್ನೂ ಅದರೊಂದಿಗೇ ನೋಡಿಸಿಕೊಳ್ಳಿ. ಅಣ್ಣನಿಗೂ ಅದೇ ಪರೀಕ್ಷೆ ಆಗಲಿ. ಅಷ್ಟರೊಳಗೆ ನಿಮ್ಮ ಮನೆಯ ಎಣ್ಣೆಯ ಬಾಟಲಿಗಳ ಮೇಲೂ ತಾರೀಕು ಬಿದ್ದಿದ್ದರೆ ಆ ಲೆಕ್ಕವನ್ನು ವೈದ್ಯರ ಬಳಿಗೆ ತೆಗೆದುಕೊಂಡು ಹೋಗಿ.